ಕಾಬೂಲಿನ ದಂಡಿಗೆ ಅಪ್ಪನ ಸಲಹೆ

ರಾಯದುರ್ಗದಲ್ಲಿ ನಾನು ಜೀನ್ಸ್ ಪ್ಯಾಂಟಿಗೆ ಜಿಪ್ ಕೂರಿಸುತ್ತಿದ್ದ ವರ್ಷಗಳಲ್ಲಿ ಅಪ್ಪ ನನ್ನೊಡನೆ ಮಾತಾಡುತ್ತಿರಲಿಲ್ಲ. ಅಮರಾಪುರದ ಹತ್ತಿರದ ನಮ್ಮೂರಲ್ಲಿ ಕುರಿಗಳನ್ನು ಬಿಟ್ಟು ಹೊಲಿಗೆ ಮಿಷನ್ನಿಗೆ ಬಂದೆನೆಂದು ಕೋಪ. ಹಾಗಂತ ಫೋನು ಎತ್ತುತ್ತಿರಲಿಲ್ಲ ಎಂದಲ್ಲ. ಎತ್ತಿ ನನ್ನ ಹೆಂಡತಿಯ ಜೊತೆ ಮಾತಾಡುತ್ತಿದ್ದ. ನಾನು ಪಕ್ಕದಲ್ಲೇ ಕೂತಿರುವುದು, ಸ್ಪೀಕರ್ ಹಾಕಿರುವುದು ಎಲ್ಲ ಅವನಿಗೆ ಗೊತ್ತು. ಆದರೂ "ಅವ್ನು ಉಂಡ್ನಾ ಕೇಳಮ್ಮ" ಅನ್ನುವನು. ರಾಯದುರ್ಗದಲ್ಲೇ ಹುಟ್ಟಿ ಬೆಳೆದ ಅವಳು ನನ್ನ ಕಡೆ ತಿರುಗಿ "ಉಂಡ್ರೇನ್ರಿ?" ಎಂದು ಕೇಳುವಳು. "ಉಂಡೆ" ಎಂದು ನಾನು ಫೋನಿಗೇ ಕೂಗುವೆ. "ಉಂಡಾರಂತ್ರಿ ಮಾವಾರ" ಎಂದು ಅವಳು ಮುಗಿಸುವಳು. ನಮ್ಮಿಬ್ಬರ ನಡುವೆ ಸಿಕ್ಕಿ ಅವಳಿಗೆ ಅರ್ಧ ಭಾನುವಾರ ಹಾಳಾಗುತ್ತಿತ್ತು. ನನಗೋ ಅಪ್ಪನ ಬಾಯಿಂದ ನೇರವಾಗಿ ಒಂದು ಬೈಗುಳ ಬಂದರೂ ಸಾಕಿತ್ತು.

ಆ ದಿನಗಳಲ್ಲೇ ನಾನು ಫೋನಿನಲ್ಲಿ ಒಂದು ಗುಂಪಿಗೆ ಸೇರಿಕೊಂಡೆ. ಚರಿತ್ರೆಯನ್ನು ತಿರುಗಿಸಿ ಬರೆಯುವ ಹುಚ್ಚರ ಗುಂಪು ಅದು. ನಡೆದುಹೋದ ಒಂದು ಯುದ್ಧ ತೆಗೆದುಕೊಳ್ಳುವುದು, ಅದರಲ್ಲಿ ಒಂದೇ ಒಂದು ಸಂಗತಿ ಬದಲಿಸುವುದು, ಆಮೇಲೆ ಏನಾಗುತ್ತಿತ್ತು ಎಂದು ಜಗಳ ಆಡುವುದು. ಪರರ ನಾಡು ಗೆಲ್ಲಲು ಹೋಗಿ ಮಣ್ಣು ಮುಕ್ಕಿದ ಯುರೋಪಿನ ದಂಡುಗಳೆಂದರೆ ಎಲ್ಲರಿಗೂ ಪ್ರಾಣ. ಒಂದು ಮರಳಲ್ಲಿ ದಾರಿ ತಪ್ಪಿತು, ಇನ್ನೊಂದು ಕಾಡಲ್ಲಿ ಚಳಿಜ್ವರ ಹಿಡಿದು ಮಲಗಿತು. ಕರೆಂಟು ಹೋಗಿ ಮಿಷನ್ನುಗಳು ನಿಂತಾಗಲೆಲ್ಲ ನಾನು ಯಾವುದಾದರೂ ಸೈನ್ಯವನ್ನು ಬದುಕಿಸುತ್ತಲೋ ಮುಳುಗಿಸುತ್ತಲೋ ಇರುತ್ತಿದ್ದೆ. "ಯಾವತ್ತೋ ಸತ್ತೋರ ಚಿಂತಿ ನಿಮಗ್ಯಾಕ್ರಿ? ಮೊದ್ಲು ನಿಮ್ಮಪ್ಪನ್ನ ಮಾತಾಡ್ಸೋದು ನೋಡ್ರಿ" ಎಂದು ಹೆಂಡತಿ ಚುಚ್ಚುತ್ತಿದ್ದಳು.

ಒಂದು ಭಾನುವಾರ ಗುಂಪಿನಲ್ಲಿ ಕಾಬೂಲಿಗೆ ಹೋದ ಇಂಗ್ಲಿಷರ ದಂಡಿನ ವಿಷಯ ಬಂತು. ಹೆಂಡತಿ ಅಪ್ಪನ ಜೊತೆ ಫೋನಿನಲ್ಲಿದ್ದಳು. ಅವಳ ಫೋನಿಗೂ ಕೇಳುವ ಹಾಗೆ ನಾನು ಜೋರಾಗಿ ಓದಿದೆ. ಸಿಗಾರ್ ಹೊರುವುದಕ್ಕೆಂದೇ ಒಂಟೆಗಳಿದ್ದವಂತೆ. ದಾರಿಯಲ್ಲಿ ತಿನ್ನಲು ಸಾವಿರಾರು ಕುರಿ ಕೊಂಡಿದ್ದರಂತೆ. ಕಲ್ಲು ಕಣಿವೆಯಲ್ಲಿ ಮೇವಿಲ್ಲದೆ ಪ್ರಾಣಿಗಳು ಸಾಲಾಗಿ ಬಿದ್ದವಂತೆ.

"ಕುರೀನಾ?" ಎಂದ ಅಪ್ಪ. "ಮೇವು ಇಲ್ದಿದ್ ದಾರೀಲಿ ಯಾಕೆ ಹೊಡ್ಕಂಡ್ ಹೋದ್ರು ಅಂತ ಕೇಳಮ್ಮ. ತೋಳನ್ನ ಕುರಿ ಕಾಯಾಕ್ ಬಿಟ್ಟಂಗಾಯ್ತು."

ಅಂದಿನಿಂದ ಉಂಡ್ನಾ ಎಂದು ಕೇಳುವ ಮೊದಲೇ ಕುರಿಗಳ ಯೋಗಕ್ಷೇಮ ಕೇಳತೊಡಗಿದ. ಯಾರು ಗೆದ್ದರು, ಯಾರು ಓಡಿದರು ಎಂಬುದು ಅವನಿಗೆ ಬೇಕಿರಲಿಲ್ಲ. ಸಾಹೇಬರೆಲ್ಲ ಹಾಳಾಗಿಹೋಗಲಿ, ಮಂದೆ ಮನೆ ಸೇರಬೇಕು. ನಮ್ಮ ಆಟದಲ್ಲಿ ಒಂದು ಸಂಗತಿ ಬದಲಿಸಬಹುದೆಂದು ಹೆಂಡತಿ ತಿಳಿಸಿದಾಗ, ಕೊನೆಗೆ ಉಪಾಯವನ್ನೂ ಅವನೇ ಹೇಳಿದ. ನಮ್ಮ ಕಡೆ ಕುರಿ ಮೇಯಿಸುತ್ತ ದೂರ ಹೋದವರು ರಾತ್ರಿ ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ನೆಲಕ್ಕೆ ಗೊಬ್ಬರವಾಯಿತೆಂದು ಹೊಲದವರು ಕಾಳು ಕೊಟ್ಟು, ಊಟ ಹಾಕಿ ಕಳಿಸುತ್ತಾರೆ.

"ಊರೂರಿಗೂ ಹೊಲ್ದಾಗೆ ಮಂದೆ ನಿಲ್ಲಿಸ್ಲಿ ಅಂತ ಬರಿಯಾಕ್ ಹೇಳಮ್ಮ. ಗೊಬ್ರ ಬ್ಯಾಡ ಅನ್ನೋ ರೈತ ಎಲ್ಲಾದ್ರೂ ಅವ್ನಾ? ಅವ್ರೇ ಕರ್ದು ಹಿಟ್ಟು ಇಕ್ತಾರೆ."

ನಾನು ಹಾಗೆಯೇ ಬರೆದೆ. ನನ್ನ ಚರಿತ್ರೆಯಲ್ಲಿ ಕಾಬೂಲಿನ ದಾರಿಯ ರೈತರು ಬಂದೂಕು ಬದಿಗಿಟ್ಟು, ಇವತ್ತು ಮಂದೆ ನನ್ನ ಹೊಲಕ್ಕೆ, ನಾಳೆ ನಿನ್ನ ಹೊಲಕ್ಕೆ ಎಂದು ತಮ್ಮತಮ್ಮಲ್ಲೇ ಕಿತ್ತಾಡಿದರು. ಕುರಿಗಳು ಕೊಬ್ಬಿದವು. ಗುಂಪಿನವರು ಬಿದ್ದು ಬಿದ್ದು ನಕ್ಕರು. "ನೆಲ ಕಿತ್ತುಕೊಳ್ಳಲು ಬಂದವನ ಗೊಬ್ಬರ ಯಾರಿಗೆ ಬೇಕು ಸ್ವಾಮಿ?" ಎಂದು ಒಬ್ಬರು ಬರೆದರು. ನಡೆಯಲು ಸಾಧ್ಯವೇ ಇಲ್ಲದ್ದು ಎಂದು ಅದನ್ನು ತಳ್ಳಿಹಾಕಿದರು. ಅವರು ಹೇಳಿದ್ದೇ ಸರಿ. ಕರೆದವರ ಹೊಲಕ್ಕೆ ಮಾತ್ರ ಹೋಗಿ ಗೊತ್ತಿದ್ದ ನಮಗೆ ಅದು ಹೊಳೆದೇ ಇರಲಿಲ್ಲ. ಆದರೂ ಅಪ್ಪನ ಆ ಕಾಬೂಲು ನನಗೆ ಬಹಳ ಇಷ್ಟವಾಗಿತ್ತು.

ಮುಂದಿನ ಭಾನುವಾರ ಹೆಂಡತಿ ವಿಷಯ ತಿಳಿಸಿದಳು. ಅಪ್ಪ ಸಿಟ್ಟಾಗಲಿಲ್ಲ. "ಅದೂ ದಿಟವೇ ಕಣಮ್ಮ. ನನ್ ಬುದ್ಧಿಗೆ ಬರ್ನಿಲ್ಲ" ಎಂದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ಕೇಳಿ ಅವಳಿಗೆ ಧೈರ್ಯ ಬಂದಿರಬೇಕು. ನನ್ನನ್ನು ಕೇಳದೆಯೇ ಕೇಳಿಬಿಟ್ಟಳು.

"ಮಾವಾರ, ನಮ್ಮನಿ ಕತ್ಯಾಗ ಒಂದ ಒಂದು ಬದಲ್ ಮಾಡ್ರಿ ಅಂದ್ರ ಏನ್ ಮಾಡ್ತಿದ್ರಿ?"

ಮಗ ಹೋಗದಂತೆ ಮಾಡುತ್ತಿದ್ದೆ ಎನ್ನುತ್ತಾನೆ, ಇನ್ನೇನು. ಹಾಗೆಂದರೆ ನಾನಿಲ್ಲಿ ಸಂಪಾದಿಸಿದ ಬದುಕು, ಇವಳೂ ಸೇರಿ, ಎಲ್ಲವೂ ತಪ್ಪೇ ಆಗಿಬಿಡುತ್ತಿತ್ತು. ಫೋನಿನಲ್ಲಿ ಕುರಿಗಳ ಸದ್ದು ಮಾತ್ರ ಕೇಳುತ್ತಿತ್ತು.

"ಅವ್ನು ಹೋಗೋದು ಹೋಗ್ಲಿ ಕಣಮ್ಮ" ಎಂದ ಅಪ್ಪ. "ಹೊಂಟ ದಿನ ನಾನು ರೊಪ್ಪದಾಗೆ ಕುರಿಗಳ ಮಧ್ಯೆ ಕುಂತ್ಬಿಟ್ಟಿದ್ದೆ. ಬಸ್ಸಿನ ಸದ್ದು ಹೋಗೋಗಂಟ ಏಳ್ನಿಲ್ಲ. ಅಪ್ಪ ಬಸ್ಸಿನ ತಂಕ ಬಂದಿದ್ದ ಅಂತ ಬರಿಯಾಕ್ ಹೇಳು."

"ಬರೀತೀನಿ" ಎನ್ನಲು ಹೋಗಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡೆ. ಹೆಂಡತಿ ನನ್ನ ಮುಖ ನೋಡಿದಳು.

"ಅಳಾಕತ್ತಾರ್ರಿ ಮಾವಾರ."

"ಫೋನು ಅವ್ನ ಕೈಗೆ ಕೊಡಮ್ಮ" ಎಂದ ಅಪ್ಪ.