ಓತಿಕ್ಯಾತಕ್ಕೆ ಅಟ್ಟ ಕಟ್ಟಿದ ನಂಜುಂಡಾಚಾರ್

ನಂಜುಂಡಾಚಾರ್ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಬೆನ್ನು. ಮರದ ಪೆಟ್ಟಿಗೆಯ ಬಾಗಿಲಲ್ಲಿ ತಲೆಯನ್ನೂ ಭುಜಗಳನ್ನೂ ತೂರಿಸಿ ಮಂಡಿಯೂರಿ ಕೂತ ಬೆನ್ನು. ಬನಿಯನ್ನಿನ ತೂತಿನಲ್ಲಿ ಜನಿವಾರ ಕಾಣುತ್ತಿತ್ತು. ಕಾಲು ಗಂಟೆ ಹಾಗೇ ಇದ್ದರು ಎಂದು ಎಲ್ಲರಿಗೂ ಹೇಳುತ್ತೇನೆ. ಐದೇ ನಿಮಿಷ ಇದ್ದಿರಲೂಬಹುದು. ನನ್ನ ಹೆಂಡತಿ ಶೈಲಾ ಗಾಬರಿಯಾಗಿ, "ರೀ, ಅವರಿಗೇನೋ ಆಗಿದೆ ನೋಡ್ರೀ" ಅಂದದ್ದಂತೂ ನಿಜ. ಪೆಟ್ಟಿಗೆಯೊಳಗಿಂದ ಗುಂಯ್ಯೆನ್ನುವ ದನಿ ಬಂತು. "ಏನೂ ಆಗಿಲ್ಲ ಕಣಮ್ಮ. ಗಾಳಿ ಎತ್ಲಾಗ್ ಹೋಯ್ತದೆ ಅಂತ ನೋಡ್ತಾ ಇವ್ನಿ."

ಗಂಡಸಿ ಊರಿನ ಕಡೆಯ ಆಚಾರ್ರು ಜೀವಮಾನವೆಲ್ಲ ಕಟ್ಟಿದ್ದು ಕೊಬ್ಬರಿ ಅಟ್ಟಗಳನ್ನು. ನಮ್ಮ ಅರಸೀಕೆರೆ ಸೀಮೆಯಲ್ಲಿ ಸುಲಿಯದ ಕಾಯಿಗಳನ್ನು ಹಲಗೆ ಸಂದಿನ ಅಟ್ಟದ ಮೇಲೆ ಸುರಿದು, ವರ್ಷದ ಹತ್ತಿರ ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಗಾಳಿ ಕಡಿಮೆಯಾದರೆ ಬೂಸ್ಟು, ಬಿಸಿ ಹೆಚ್ಚಾದರೆ ಕಮಟು. ಅಟ್ಟದ ಕೆಳಗೆ ನಿಂತು ಎಲ್ಲಿ ಬಿಸಿ, ಎಲ್ಲಿ ತಂಪು ಎಂದು ಕೆನ್ನೆಯಲ್ಲೇ ಹೇಳುವವರು ಅವರು ಎಂದು ಊರಲ್ಲಿ ಮಾತಿತ್ತು. ನಾನು ನಂಬಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು ಕೆನ್ನೆಯನ್ನು ಉಪಕರಣ ಎಂದು ಒಪ್ಪುವುದು ಹೇಗೆ?

ಆಚಾರ್ರೆಂದ ಮೇಲೆ ಬೇಲೂರು ಹಳೇಬೀಡಿನ ಮಾತು ತೆಗೆಯುವವರು ಇದ್ದೇ ಇರುತ್ತಾರೆ. ನಾನೂ ತೆಗೆದಿದ್ದೆ. ಅವರು ನಕ್ಕರು. "ನಮ್ಮೋರು ಕಲ್ಲೋರಲ್ಲ ಮೇಷ್ಟ್ರೇ, ಮರದೋರು. ಅವರ್ದು ಉಳ್ಕಂತು, ನಮ್ದು ಗೆದ್ದಲು ತಿಂತು."

ಅವರ ಬಳಿ ನಾನು ಹೋದದ್ದು ಒಂದು ಓತಿಕ್ಯಾತಕ್ಕಾಗಿ. ಬೇಲಿಯ ಮೇಲಿನದಲ್ಲ. ಆಸ್ಟ್ರೇಲಿಯಾ ಮೂಲದ್ದು, ಮೊಳದುದ್ದ, ಮರಳಿನ ಬಣ್ಣ, ಗಲ್ಲದ ಕೆಳಗೆ ಮುಳ್ಳುಮುಳ್ಳಾದ ಗಡ್ಡ. ಸಿಟ್ಟು ಬಂದರೆ ಆ ಗಡ್ಡ ಉಬ್ಬಿ ಕಪ್ಪಾಗುತ್ತದೆ. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಕಾಗದಪತ್ರ, ಗಾಜಿನ ತೊಟ್ಟಿಯ ಸಮೇತ ನಮಗೆ ಒಪ್ಪಿಸಿದ್ದರು. ಬೇಸಿಗೆ, ಮಳೆಗಾಲ ಚೆನ್ನಾಗಿಯೇ ಕಳೆಯಿತು. ಚಳಿ ಬಿದ್ದದ್ದೇ ತಿನ್ನುವುದನ್ನು ಬಿಟ್ಟಿತು. ಜಿರಳೆ, ಮಿಡತೆ, ನುಗ್ಗೆಸೊಪ್ಪು, ದಾಸವಾಳದ ಹೂ ಯಾವುದನ್ನೂ ಮೂಸಲಿಲ್ಲ. ಮೈ ಕಂದಿ, ಬಾಲದ ಬುಡದ ಮೂಳೆ ಕಾಣತೊಡಗಿತು. ಊರಿನ ಪಶುವೈದ್ಯರು ಕೈಮುಗಿದರು. ಬೆಂಗಳೂರಿನ ವೈದ್ಯೆಯೊಬ್ಬರು ಫೋನಿನಲ್ಲೇ ವಿಷಯ ಹಿಡಿದರು. "ಗಾಜು ಶಾಖ ಹಿಡಿಯಲ್ಲ. ಮರದ ಗೂಡು ಮಾಡಿಸಿ. ಒಂದು ಕಡೆ ನಲವತ್ತು ಡಿಗ್ರಿ, ಇನ್ನೊಂದು ಕಡೆ ಇಪ್ಪತ್ತಾರು ಇರಬೇಕು. ಒಂದು ವಾರದಲ್ಲಿ ತಿನ್ನದಿದ್ರೆ ಕಷ್ಟ."

ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದುಕೊಂಡು ಹೋದೆ. ಆಚಾರ್ರು ಹಾಳೆಯನ್ನು ಅತ್ತಿತ್ತ ತಿರುಗಿಸಿದರು.

"ಇದಕ್ಕೆ ಮೂಗೇ ಇಲ್ವಲ್ಲ ಮೇಷ್ಟ್ರೇ."

"ಓತಿಕ್ಯಾತಕ್ಕಾ?"

"ಪೆಟ್ಟಿಗೆಗೆ."

ಮರುದಿನ ಮೊದಲ ಬಸ್ಸಿಗೇ ಮನೆಗೆ ಬಂದರು. ಉಳಿ, ಗರಗಸ ಚೀಲದಿಂದ ತೆಗೆಯಲೇ ಇಲ್ಲ. ತೊಟ್ಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಮಧ್ಯಾಹ್ನದವರೆಗೂ ಅದನ್ನೇ ನೋಡುತ್ತ ಕೂತರು. ದಿನಗಳು ಎಣಿಕೆಯವು ಎಂದು ನಾನು ಚಡಪಡಿಸಿದರೆ, "ಗಿರಾಕಿ ನೀವಲ್ಲ, ಇವ್ರು. ಯಜಮಾನ್ರು ಏನಂತಾರೆ ಕೇಳನ, ತಡೀರಿ" ಅಂದರು. ಆಮೇಲೆ ತೆಂಗಿನ ಗರಿಯ ಕಡ್ಡಿಯೊಂದನ್ನು ಮುರಿದು, ಮೂತಿಯಿಂದ ಬಾಲದ ತುದಿಯವರೆಗೆ ಮೈಗೆ ತಾಗಿಸದೆ ಅಳತೆ ತೆಗೆದರು. ಟೇಪು ನನ್ನ ಕೈಯಲ್ಲೇ ಉಳಿಯಿತು.

ಹಲಸಿನ ಹಲಗೆಯ ಗೂಡು ನಮ್ಮ ಪಡಸಾಲೆಯಲ್ಲೇ ಎದ್ದಿತು. ಎದುರುಮನೆಯ ಪುಟ್ಟಸ್ವಾಮಿ ದಿನಾ ಬಂದು ಕಾಲೆಳೆಯುತ್ತಿದ್ದ. "ಏನ್ ಆಚಾರ್ರೇ, ಓತಿಕ್ಯಾತದ ಗೃಹಪ್ರವೇಶ ಯಾವಾಗ?"

"ನಿನ್ನೂ ಕರೀತೀವಿ ಬಾರ್ಲಾ, ಜಿರಳೆ ಊಟಕ್ಕೆ."

ತಂಪಿನ ಕಡೆ ತಳದಲ್ಲೊಂದು, ಬಿಸಿಯ ಕಡೆ ಮೇಲೊಂದು, ಹೀಗೆ ಗಾಳಿಯಾಡಲು ಎರಡು ಮೂಗು ಬಿಟ್ಟರು. ಶಾಖ ಕೊಡುವ ದೀಪದ ವಿಷಯದಲ್ಲಿ ಮಾತ್ರ ನನ್ನ ನಕ್ಷೆಯನ್ನು ಒಪ್ಪಲಿಲ್ಲ. ನಾನು ದೀಪವನ್ನು ಮೇಲೆ ಬರೆದಿದ್ದೆ. "ಮೇಲಿಟ್ರೆ ಬಿಸಿಯೆಲ್ಲ ಮೂಗಲ್ಲೇ ಹೋಯ್ತದೆ. ಬಿಸಿ ಕೆಳಗಿಂದ ಏಳ್ಬೇಕು" ಎಂದು ನೆಲಕ್ಕೆ ಸಂದು ಬಿಟ್ಟ ಪಟ್ಟಿಗಳನ್ನು ಜೋಡಿಸಿ, ಅದರಡಿ ದೀಪ ಇಟ್ಟರು. ಥೇಟ್ ಕೊಬ್ಬರಿ ಅಟ್ಟ. ಬಿಸಿಗಾಳಿ ಮೇಲೇರುತ್ತದೆಂದು ವರ್ಷಾ ವರ್ಷ ಪಾಠ ಮಾಡುವ ನನಗೂ ಅದು ಸರಿಯೆನ್ನಿಸಿತು. ಒಪ್ಪಿದೆ. ಈಗ ಕೇಳಿದರೆ, ಒಳಗೊಳಗೇ ಅನುಮಾನವಿತ್ತು ಎಂದು ಹೇಳಿಬಿಡುತ್ತೇನೆ. ಇರಲಿಲ್ಲ ಎಂದೇ ಕಾಣುತ್ತದೆ.

ಐದನೆಯ ದಿನ ಯಜಮಾನರನ್ನು ಒಳಗೆ ಬಿಟ್ಟೆವು. ನಾನು ಇಟ್ಟ ಎರಡು ಥರ್ಮಾಮೀಟರುಗಳೂ ವೈದ್ಯೆ ಹೇಳಿದ ಅಂಕಿಗಳನ್ನೇ ತೋರಿಸಿದವು. ಆದರೆ ಯಜಮಾನರು ಪಟ್ಟಿಗಳ ಮೇಲೆ ನಿಲ್ಲಲೊಲ್ಲರು. ಹೊಟ್ಟೆ ಎತ್ತಿಕೊಂಡು ಗೋಡೆ ಕೆರೆದರು, ಜಾರಿದರು, ಮತ್ತೆ ಕೆರೆದರು. ಕೊನೆಗೆ ಮೂಲೆಯಲ್ಲಿ ಕಣ್ಣು ಮುಚ್ಚಿದರು. ಗಡ್ಡ ಇದ್ದಿಲಿನಂತಾಗಿತ್ತು. ಆಚಾರ್ರು ತಲೆಯನ್ನು ಪೆಟ್ಟಿಗೆಗೆ ತೂರಿಸಿದ್ದು ಆಗಲೇ. ಹೊರಬಂದವರು ನನ್ನ ಕಡೆಯೂ ನೋಡದೆ ಹಿತ್ತಲಿಗೆ ನಡೆದರು.

ಸ್ವಲ್ಪ ಹೊತ್ತಿಗೆ, "ಮೇಷ್ಟ್ರೇ, ಸದ್ದು ಮಾಡ್ದೆ ಬನ್ನಿ" ಎಂದರು. ಹಿತ್ತಲಿನ ತೆಂಗಿನ ಮೋಟಿನ ಮೇಲೆ ನಮ್ಮೂರಿನದೇ ಒಂದು ಓತಿಕ್ಯಾತ ಮೈ ಚಪ್ಪಟೆ ಮಾಡಿ, ಬೆನ್ನನ್ನು ಪೂರ್ತಿ ಎಳೆಬಿಸಿಲಿಗೆ ಒಡ್ಡಿ ಕೂತಿತ್ತು. ನಾನು ಹುಟ್ಟಿದಾಗಿಂದ ನೋಡಿದ್ದ ದೃಶ್ಯ. ಅಂದರೆ, ನೋಡಿರಲೇ ಇಲ್ಲ.

"ಅದು ಬಿಸ್ಲ ಬೆನ್ನಲ್ಲಿ ಉಣ್ತದೆ. ನಾವು ಹೊಟ್ಟೆಗೆ ಬಡಿಸಿದ್ವಿ." ಆಚಾರ್ರ ದನಿ ಸಣ್ಣದಾಗಿತ್ತು. "ಅದೇನು ಕೊಬ್ರಿನಾ? ಜೀವ. ನಾನು ತಪ್ಪು ಕಟ್ದೆ."

ಒಳಗೆ ಬಂದವರೇ ಪುಟ್ಟಸ್ವಾಮಿಯ ಎದುರಿಗೇ ಐದು ದಿನದ ಕೆಲಸವನ್ನು ಬಿಚ್ಚತೊಡಗಿದರು. ಅವನು ಬಾಯಿ ತೆರೆಯುವ ಮೊದಲೇ, "ನಗು ಕಣ್ಲಾ, ನಗೋ ಕೆಲ್ಸನೇ ಮಾಡಿವ್ನಿ" ಅಂದರು. ಅವನು ನಗಲಿಲ್ಲ, ಕೂತು ಮೊಳೆ ಎತ್ತಿಕೊಟ್ಟ. ವಿಶ್ವವಿದ್ಯಾಲಯದಲ್ಲಿ ನಾನು ದೊಡ್ಡ ವಿದ್ವಾಂಸರನ್ನು ಕಂಡಿದ್ದೇನೆ. ಎಪ್ಪತ್ತರ ಹತ್ತಿರದಲ್ಲಿ, ತನ್ನ ಕಸುಬಿನ ಮೂಲಪಾಠವೇ ಇಲ್ಲಿ ಸಲ್ಲುವುದಿಲ್ಲ ಎಂದು ಒಂದು ಬೆಳಗಿನಲ್ಲಿ ಒಪ್ಪಿಕೊಂಡವರನ್ನು ಬೇರೆಲ್ಲೂ ಕಾಣಲಿಲ್ಲ.

ದೀಪ ಮೇಲೇರಿತು. ನೆಲ ಗಟ್ಟಿ ಹಲಗೆಯಾಯಿತು. ದೀಪದಡಿ ಅವರು ಮರದ ತುಂಡುಗಳ ಮೇಲೆ ಒಂದು ಚಪ್ಪಟೆ ಕಲ್ಲು ಇಟ್ಟು, ಅದರ ಮೇಲೆ ಮುಂಗೈ ಬೋರಲು ಹಾಕಿ, "ಇನ್ನೊಂದು ಬೆರಳು ಕೆಳಕ್ಕೆ" ಎಂದು ಕಲ್ಲನ್ನು ತಗ್ಗಿಸಿದರು. ಆಮೇಲೆ ನಾನು ಅಳೆದೆ. ನಲವತ್ತು. ಆದರೆ ಆ ದಿನದ ನನ್ನ ಟಿಪ್ಪಣಿಯಲ್ಲಿ ನಲವತ್ತೊಂದು ಎಂದಿದೆ. ಯಾವುದು ಸರಿಯೋ.

ಏಳನೆಯ ದಿನ ಬೆಳಿಗ್ಗೆ ಯಜಮಾನರು ಕಲ್ಲೇರಿ, ಮೈ ಹರಡಿ, ಬೆನ್ನು ಕಾಯಿಸಿಕೊಂಡು, ಶೈಲಾ ಹಿಡಿದ ದಾಸವಾಳವನ್ನು ಕಚಕ್ಕನೆ ಕಚ್ಚಿದರು. ಗಂಡಸಿಯಲ್ಲಿದ್ದ ಆಚಾರ್ರಿಗೆ ಫೋನು ಮಾಡಿ "ತಿಂದ್ರು" ಅಂದೆ. "ಇನ್ನೊಂದ್ಸಲ ಹೇಳಿ" ಅಂದರು.

ಕೊನೆಯ ಭೇಟಿ ಅರಸೀಕೆರೆ ಬಸ್ ನಿಲ್ದಾಣದಲ್ಲಿ. ಮಾಲೇಕಲ್ಲು ಬೆಟ್ಟದ ದೇವಸ್ಥಾನಕ್ಕೆ ಹೋಗಿ ಬಂದು ಗಂಡಸಿ ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ಬಹಳ ಸೊರಗಿದ್ದರು. ನನ್ನ ಆರೋಗ್ಯ, ಶೈಲಾಳ ಆರೋಗ್ಯ ಯಾವುದನ್ನೂ ಕೇಳಲಿಲ್ಲ. "ಯಜಮಾನ್ರು ಹೆಂಗವ್ರೆ? ಈ ಸಲ ಚಳಿ ಜಾಸ್ತಿ ಬೀಳ್ತದೆ. ಒಂದು ಮೂಗ ಅರ್ಧ ಮುಚ್ಚಿ" ಎಂದರು. ಎರಡರಲ್ಲಿ ಯಾವುದನ್ನು ಎಂಬುದನ್ನೂ ಸ್ಪಷ್ಟವಾಗಿ ಹೇಳಿದರು. ನಾನು ತಲೆಯಾಡಿಸಿದೆ. ಬಸ್ಸು ಹೊರಟಿತು. ತಿಂಗಳೊಳಗೆ ಅವರು ತೀರಿಕೊಂಡರು.

ಚಳಿ ಬಂದಾಗ ನೆನಪು ಕೈಕೊಟ್ಟಿತು. ಮೇಲಿನದೋ, ಕೆಳಗಿನದೋ? ಲೆಕ್ಕದ ಪ್ರಕಾರ ಯಾವುದನ್ನು ಮುಚ್ಚಿದರೂ ಗಾಳಿ ತಗ್ಗಬೇಕು. ಆದರೆ ಅವರು ಒಂದನ್ನೇ ಆರಿಸಿ ಹೇಳಿದ್ದರು, ನಾನದನ್ನು ಕಳೆದುಕೊಂಡಿದ್ದೆ. ಯಜಮಾನರು ಎರಡು ದಿನದಿಂದ ಸೊಪ್ಪು ಮುಟ್ಟಿರಲಿಲ್ಲ. ಕಾಲೇಜಿಗೆ ರಜೆ ಹಾಕಿ, ಕೆಳಗಿನ ಮೂಗಿಗೆ ಅರ್ಧ ಬಟ್ಟೆ ತುರುಕಿ, ಗೂಡಿನ ಮುಂದೆ ನೆಲದ ಮೇಲೆ ಕೂತೆ. ಬೆಳಗಿನಿಂದ ಮಧ್ಯಾಹ್ನದವರೆಗೂ ಯಜಮಾನರು ಮೂಲೆ ಬಿಟ್ಟು ಕದಲಲಿಲ್ಲ. ಬಟ್ಟೆ ತೆಗೆದು ಮೇಲಿನದಕ್ಕೆ ಹಾಕಿ ಮತ್ತೆ ಕೂತೆ.

ಸಂಜೆಯ ಹೊತ್ತಿಗೆ ಒಂದು ಕಾಲು ಮುಂದೆ ಬಂತು. ಆಮೇಲೆ ಇನ್ನೊಂದು.

"ಊಟ ತಣ್ಣಗಾಯ್ತು, ಎದ್ದು ಬನ್ರೀ" ಎಂದು ಶೈಲಾ ಅಡುಗೆಮನೆಯಿಂದ ಕೂಗಿದಳು.

"ತಡಿಯೇ," ಅಂದೆ, "ಸೊಪ್ಪಿನ ಹತ್ತಿರ ಹೋಗ್ತಾ ಇದ್ದಾರೆ."