ಕಂಬಳಿಯೊಳಗಿನ ಸಾಹೇಬರು

ಜತ್ತ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ನಮ್ಮ ಮೊದಲ ಕೂಸು ಇನ್ನೂ ತೊಟ್ಟಿಲಲ್ಲಿತ್ತು. ನಮ್ಮ ಯಜಮಾನರು ಅಸಂಗಿಯ ಕನ್ನಡ ಸಾಲೆಯಲ್ಲಿ ಹಂಗಾಮಿ ಮಾಸ್ತರರು. ಇಂಗ್ಲಿಷ್ ಬಲ್ಲವರನ್ನು ಲಗೂನ ಕಾಯಂ ಮಾಡುತ್ತಾರೆಂಬ ಸುದ್ದಿ ಕೇಳಿ, ಹಳೆಯದೊಂದು ಡಿಕ್ಷನರಿ ತಂದು ದಿನಕ್ಕೊಂದು ಶಬ್ದ ಬಾಯಿಪಾಠ ಮಾಡುತ್ತಿದ್ದರು. ತಪಾಸಣೆಯ ಸಾಹೇಬರು ಬರುವ ಹೊತ್ತಿಗೆ ಹಿಡಿದಿದ್ದ ಶಬ್ದ ‘ಎನ್‌ಸ್ವೇದ್’.

“ಅಂದ್ರ ಏನ್ರಿ?” ಎಂದೆ, ರೊಟ್ಟಿ ಬಡಿಯುತ್ತ.

“ಸುತ್ತೂದು. ಬರೇ ಸುತ್ತೂದಲ್ಲ, ಒಳಗಿಂದು ಕಾಣದಂಗ ಮೆತ್ತಗ ಅರಿಬಿ ಸುತ್ತೂದು. ಭಾಳ ಮಂದಿಗೆ ಗೊತ್ತಿಲ್ಲ ಈ ಶಬ್ದ.”

“ಹಂಗಾರ ಸಾಹೇಬ್ರಿಗೂ ಗೊತ್ತಿರಾಕಿಲ್ಲ. ಹೇಳಿ ಏನ ಉಪಯೋಗ?”

ಅವರು ಬುತ್ತಿಯ ರೊಟ್ಟಿ, ಕುಂಚಿಗೆಯೊಳಗಿನ ಕೂಸು, ಕಂಡದ್ದಕ್ಕೆಲ್ಲ ಆ ಶಬ್ದ ಹಚ್ಚಿ ನೋಡಿದರು. ರುಮಾಲಿಗೆ ಅದು ನಡೆಯುವುದಿಲ್ಲವಂತೆ, ರುಮಾಲು ಸುತ್ತಿದ ತಲೆಗೆ ನಡೆಯುತ್ತದಂತೆ.

ಸಾಹೇಬರು ಬೆಳಗಿನ ಥಂಡಿಯಲ್ಲಿ ಸೈಕಲ್ ಹೊಡೆದುಕೊಂಡು ಬಂದು, ಮೊದಲು ಚಹಾಕ್ಕೆಂದು ನಮ್ಮ ಕಟ್ಟೆಯ ಮೇಲೆ ಕೂತು ಮೂರು ಸಲ ಸೀನಿದರು. ನಮ್ಮ ಅತ್ತೆಗೆ ಅಷ್ಟೇ ಸಾಕಾಯಿತು. ಊರ ಬಾಣಂತಿಯರನ್ನೆಲ್ಲ ಕೆಂಡದ ಕಾವಿನಲ್ಲಿ ಕಾಸಿದ ಕೈ ಅದು.

“ಯಪ್ಪಾ, ಎದಿಯೊಳಗ ಥಂಡಿ ಹೊಕ್ಕೈತಿ. ಸುಮ್ಮ ಕುಂದ್ರಿ,” ಎಂದವರೇ ಮಾಡಗ್ಯಾಳದ ದಪ್ಪ ಕಂಬಳಿಯನ್ನು ಸಾಹೇಬರ ತಲೆಯ ಮೇಲಿಂದ ಸುತ್ತಿ, ಒಳಗೆ ಕೆಂಡದ ಬೋಗುಣಿ ಸರಿಸಿ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದರು.

“ಅಜ್ಜೀ, ನಾ ಸಾಲಿಗೆ ಹೋಗಬೇಕ್ರಿ,” ಎಂದಿತು ಕಂಬಳಿ.

“ಸಾಲಿ ಎಲ್ಲೂ ಓಡಿ ಹೋಗಂಗಿಲ್ಲ. ಹೊಗಿ ತಗೋರಿ.”

ಯಜಮಾನರು ಕಾಯಂ ಆಗುವುದಿರಲಿ, ಇದ್ದ ಕೆಲಸವೂ ಹೋಯಿತೆಂದು ಹೆದರಿ, ಮರ್ಯಾದೆಯ ಮಾತೇನಾದರೂ ಆಡೋಣವೆಂದು ಬಾಯಿ ತೆರೆದರೆ ಬಂದದ್ದು ಇಂಗ್ಲಿಷ್. ಅದರಲ್ಲಿ ನನಗೆ ತಿಳಿದದ್ದು ‘ಸರ್’, ‘ಎನ್‌ಸ್ವೇದ್’, ‘ಕಂಬಳಿ’ ಮೂರೇ.

ಕಂಬಳಿ ಗದಗದ ಅಲುಗಾಡತೊಡಗಿತು. ಉಸಿರು ಕಟ್ಟಿತೇನೋ ಎಂದು ನಾನು ಓಡಿ ಅಂಚು ಎತ್ತಿದೆ. ಸಾಹೇಬರು ಕಣ್ಣುಮೂಗಿನಲ್ಲಿ ನೀರು ಸುರಿಸುತ್ತ ನಗುತ್ತಿದ್ದರು.

“ಮಾಸ್ತರ, ಈ ಶಬ್ದ ನಾನೂ ಓದಿದ್ದೆ. ಅರ್ಥ ಇವತ್ತ ತಿಳೀತು.”

ಬೆವರು ಒರೆಸಿಕೊಂಡು, ಸಾಲೆ ನೋಡಿಕೊಂಡು ಸಂಜೆ ಹೊರಟರು. ಎರಡು ತಿಂಗಳಿಗೆ ಕಾಯಂ ಹುಕುಂ ಬಂತು. ಅಜವಾನದ ಗುಣ ಎಂದರು ಅತ್ತೆ. ಇಂಗ್ಲಿಷಿನ ಗುಣ ಎಂದರು ಅವರ ಮಗ. ನಾನು ವಾದಕ್ಕೆ ಹೋಗಲಿಲ್ಲ. ಅಷ್ಟು ಕೆಂಡದ ಮುಂದೆ ಕೂತರೂ ಸಾಹೇಬರ ಧೋತರಕ್ಕೆ ಒಂದು ಕಿಡಿಯೂ ಹಾರಲಿಲ್ಲವಲ್ಲ ಎಂದು ಶಿವನಿಗೆ ಒಂದು ಬಿಲ್ವಪತ್ರಿ ಹೆಚ್ಚಿಗೆ ಏರಿಸಿದೆ.