ವಿಷಗಾಳಿಯ ದಾರಿ ಹೇಳುವವನು

ಕಚೇರಿಯಲ್ಲಿ ಎಲ್ಲರೂ ಅವನನ್ನು ಗಾಳಿರಾಯ ಎಂದೇ ಕರೆಯುತ್ತಿದ್ದರು. ಎಲ್ಲಾದರೂ ವಿಷಾನಿಲ ಸೋರಿದರೆ ಅದು ಯಾವ ಬೀದಿಯನ್ನು ಯಾವಾಗ ಮುಟ್ಟುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಗ್ನಿಶಾಮಕ ದಳಕ್ಕೆ ಹೇಳುವುದು ಅವನ ಕೆಲಸ. ಜನ ಓಡಬೇಕೋ, ಬಾಗಿಲು ಹಾಕಿಕೊಂಡು ಒಳಗೇ ಇರಬೇಕೋ, ಅದು ಅವನ ಬಾಯಿಂದ ಬರಬೇಕು. ವರ್ಷದ ಬಹುಪಾಲು ನೊಣ ಹೊಡೆಯುವ ನೌಕರಿ. ಕೆಲಸ ಬಂದ ದಿನ ಮಾತ್ರ ಅದು ಶತ್ರುವಿಗೂ ಬೇಡ.

ಅವನನ್ನು ಕಣ್ಣುಮುಚ್ಚಿ ನಂಬಿದ್ದವಳು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿ ಸಲಹಿದವಳು ಅವಳೇ. ಕ್ಲೋರಿನ್ ಕಾರ್ಖಾನೆಯ ಕೆಳಗಿನ ತಗ್ಗಿನಲ್ಲಿ ಅವಳ ಮನೆ. "ನನ್ನ ತಮ್ಮ ಇರೋವಾಗ ನಮಗೇನು ಭಯ" ಎಂದು ನೆರೆಹೊರೆಯವರ ಮುಂದೆ ಕೊಚ್ಚಿಕೊಳ್ಳುವಳು. ಅವನಿಗೆ ಮುಜುಗರ, ಒಳಗೊಳಗೇ ಖುಷಿ.

ಒಂದು ಸಂಜೆ ಆ ಕಾರ್ಖಾನೆಯ ಕೊಳವೆ ಒಡೆಯಿತು. ಎಲೆ ಅಲುಗದಷ್ಟು ಗಾಳಿ ನಿಂತಿತ್ತು. ಗಾಳಿಯಿಲ್ಲದಾಗ ಕಂಪ್ಯೂಟರ್ ಹೇಳುವುದನ್ನು ನಂಬುವಂತಿಲ್ಲ, ಅವನಿಗದು ಚೆನ್ನಾಗಿ ಗೊತ್ತು. ಆದರೆ ಹವಾಮಾನದವರು ಇನ್ನೇನು ಗಾಳಿ ಏಳುತ್ತದೆ ಎಂದಿದ್ದರು. ಎದ್ದರೆ ಅನಿಲ ಬೇಗ ಹಾದುಹೋಗಿ ಚದುರುತ್ತದೆ, ಒಳಗಿದ್ದವರು ಉಳಿಯುತ್ತಾರೆ, ಓಡಿದವರು ಅದರ ಬಾಯಿಗೇ ಬೀಳುತ್ತಾರೆ. ಏಳದಿದ್ದರೆ ಆ ಭಾರದ ಅನಿಲ ತಗ್ಗಿನಲ್ಲೇ ಕೂತು ಮನೆಗಳೊಳಗೆ ನುಗ್ಗುತ್ತದೆ.

"ಒಳಗಾ, ಹೊರಗಾ? ಬೇಗ ಹೇಳಪ್ಪ," ಎಂದರು ದಳದ ಮುಖ್ಯಸ್ಥರು.

"ಒಳಗೇ ಇರ್ಲಿ ಸಾರ್."

ಧ್ವನಿವರ್ಧಕಗಳು ಕೂಗಿದ ಬೆನ್ನಿಗೇ ಅಕ್ಕನ ಫೋನು. "ಇದು ನೀನೇ ಹೇಳಿಸಿದ್ದೇನೋ?"

"ಹೂಂ ಅಕ್ಕ. ಬಾಗಿಲು ಹಾಕ್ಕೊಂಡು ಕೂತ್ಕೋ. ಸಂದಿಗೆಲ್ಲ ಒದ್ದೆ ಬಟ್ಟೆ ತುರುಕು."

"ಹಾಗಾದ್ರೆ ಸರಿ ಬಿಡು," ಎಂದಳು, ನಿರಾಳವಾಗಿ.

ಗಾಳಿ ಏಳಲೇ ಇಲ್ಲ. ಅವನು ಮಾತು ಬದಲಿಸಿ ಎಲ್ಲರನ್ನೂ ಹೊರಡಿಸಿ ಎನ್ನುವಷ್ಟರಲ್ಲಿ ಕಾಲ ಮಿಂಚಿತ್ತು. ಅಕ್ಕ ಫೋನ್ ಎತ್ತಲಿಲ್ಲ. ಧ್ವನಿವರ್ಧಕಕ್ಕೆ ಕಿವಿಗೊಡದೆ ದಿಬ್ಬ ಹತ್ತಿ ಓಡಿದ ಮೊಂಡರು ಬದುಕಿದರು.

ತಿಂಗಳುಗಳ ಮೇಲೆ ವಿಚಾರಣೆಯವರು ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ ಎಂದು ಬರೆದು ಕೈತೊಳೆದುಕೊಂಡರು. ಅಷ್ಟು ಹೆಣ ಬಿದ್ದರೂ ತಪ್ಪು ಮಾತ್ರ ಯಾರದ್ದೂ ಅಲ್ಲ, ಎಂಥ ಚೆಂದದ ನಿಯಮ ನೋಡಿ.

ಕೊಳವೆ ಒಡೆದ ಮರುದಿನ ಬೆಳಿಗ್ಗೆ, ಕೆಲಸದ ಮೇಲೆ ಊರಾಚೆ ಹೋಗಿದ್ದ ಭಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವರು ಬೈಯಲಿಲ್ಲ, ಅವನ ಹೆಗಲ ಮೇಲೆ ಕೈಯಿಟ್ಟರು.

"ಪಕ್ಕದ ಮನೆಯೋರು ಹೊರಟಿದ್ರಂತೆ ಕಣಯ್ಯ. ಇವಳೇ ಕೈಹಿಡಿದು ಒಳಗೆ ಕರ್ಕೊಂಡ್ಳಂತೆ, ನನ್ನ ತಮ್ಮ ಹೇಳಿದಾನೆ, ಹೋಗ್ಬೇಡಿ ಅಂತ. ಆ ಮನೇಲಿ ಈಗ ಯಜಮಾನ ಒಬ್ನೇ ಉಳಿದಿದಾನೆ."

ಗಾಳಿರಾಯ ಮೆಟ್ಟಿಲಿಳಿದು ಹೋಗಲು ತಿರುಗಿದ. ಭಾವ ಅವನನ್ನು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಂದು ಸಮಾಧಾನ," ಎಂದರು. "ಕೊನೇ ಗಳಿಗೇಲೂ ಅವಳಿಗೆ ನಿನ್ನ ಮೇಲೆ ಅನುಮಾನ ಬಂದಿರಲ್ಲ."